ಸತ್ತ ಮಗುವಿನ ರೇಷ್ಮೆ ಬೂಟು

ಮೇ ೧೪, ಬೆಳಿಗ್ಗೆ

ಹುಳುಗಳು ಕೊನೆಯ ಜ್ವರದಿಂದ, ಪೊರೆ ಕಳಚುವ ನಿದ್ದೆಯಿಂದ, ಎದ್ದಿವೆ. ಹಗಲೂ ರಾತ್ರಿ ಸೊಪ್ಪು, ಸೊಪ್ಪು. ದೊಡ್ಡ ಕೋಣೆ ಅವಕ್ಕೆ, ನಾನೂ ಅಮ್ಮನೂ ಅಂಗಳಕ್ಕೆ. ತಿನ್ನುವ ರೊಟ್ಟಿಗೂ ಹಿಕ್ಕೆಯ ವಾಸನೆ. ರೇಷ್ಮೆಯ ಊರಾದ ಈ ಮರ್ಗಿಲಾನಿನಲ್ಲಿ ಹುಟ್ಟಿದವಳು ರೇಷ್ಮೆ ಹುಳುವಿಗೆ ಮೂಗು ಮುರಿಯಬಾರದಂತೆ. ಮುರಿಯುತ್ತೇನೆ. ಇಷ್ಟು ವಯಸ್ಸಾದರೂ ಒಗ್ಗಿಲ್ಲ.

ಎರ್ಕಿನ್ ಬಂದ. ಒಡಹುಟ್ಟಿದ ತಮ್ಮ, ಗೋಡೆಯಾಚೆ ಮನೆ. ಯಾವ ಕೆಲಸವೂ ಕೈಗೆ ಹತ್ತಿದ್ದಿಲ್ಲ. ನನಗೆ ಚಹಾ ಬಗ್ಗಿಸಿ ಕೊಟ್ಟ — ಆಗಲೇ ಅನುಮಾನ ಬರಬೇಕಿತ್ತು. ಪ್ಲಾಸ್ಟಿಕ್ ಚೀಲದಿಂದ ಒಂದು ಬೂಟು ತೆಗೆದ.

ಮಗುವಿನದು. ಪೂರ್ತಿ ರೇಷ್ಮೆ, ಅಟ್ಟೆ ಕೂಡ. ನೇಯ್ಗೆಯಲ್ಲೇ ಮುತ್ತು ಪೋಣಿಸಿದಂಥ ಬಳೆಗಳು, ಒಂದೊಂದರೊಳಗೂ ಒಂದು ಬಾತುಕೋಳಿ. ಒಳಗಡೆ ಚೀನಾದ ತೆಳು ಬಟ್ಟೆಯ ಅಸ್ತರು. ಮ್ಯೂಸಿಯಮ್ಮಿಗೆಂದು ಇಂಥ ನೇಯ್ಗೆಯ ನಕಲು ನೇಯ್ದವಳು ನಾನು. ನೋಡಿದ್ದೆಲ್ಲ ಅಂಗೈಯಗಲದ ಚೂರುಗಳು. ಇಡಿಯಾಗಿ, ಹೊಲಿಗೆಯ ಸಮೇತ... ಸಾವಿರ ವರ್ಷದ್ದಾದರೂ ಇರಬೇಕು. ಆಮೇಲೆ ನಾತ ಮೂಗಿಗೆ ಬಡಿಯಿತು.

"ಎಲ್ಲಿಂದ ತಂದೆ?"

"ಮೇಲ್ಗಡೆ ಗುಹೆಯಿಂದ. ಹಳೇ ಗೋರಿಗಳವೆ."

"ಇನ್ನೊಂದು ಕಾಲಿಂದು?"

"ಬರ್ಲಿಲ್ಲ ಆಪಾ. ಅಂಟ್ಕೊಂಡ್ಬಿಟ್ಟಿತ್ತು. ಎಳ್ದೆ, ಪುಡಿಪುಡಿ ಆಗೋಯ್ತು."

"ಇದರೊಳಗಿದ್ದ ಕಾಲು?"

"ಏಪ್ರಿಕಾಟ್ ತೋಟದಲ್ಲಿ ಕೊಡವ್ದೆ. ಚಿಕ್ ಚಿಕ್ಕ ಮೂಳೆ, ಕೋಳೀದ್ ಇದ್ದಂಗೆ."

ಅವನು ಕೊಟ್ಟ ಚಹಾ ಇನ್ನೂ ಕೈಯಲ್ಲೇ ಇತ್ತು. ಮೋರಿಗೆ ಚೆಲ್ಲಿದೆ. ಲೋಟವನ್ನೂ ಎಸೆಯಬೇಕು ಅನ್ನಿಸಿತು.

ಮೇ ೧೫

ಮತ್ತೆ ಬಂದ. ಒಂಟಿ ಬೂಟು ಯಾರಿಗೂ ಬೇಡವಂತೆ. ಜೊತೆಯಾದರೆ ತಾಷ್ಕೆಂಟಿನ ಗಿರಾಕಿ ಸಿದ್ಧನಿದ್ದಾನಂತೆ.

"ನಿನ್ ಮಗ್ಗದಲ್ಲಿ ಇನ್ನೊಂದು ನೇಯ್ಕೊಡು ಆಪಾ. ನಿನ್ ಕೈಯಿಂದ ಬಂದಿದ್ದು ಅಂತ ದೇವ್ರಿಗೂ ಗೊತ್ತಾಗಲ್ಲ."

"ಹೆಣದ ಕಾಲಿಂದ ಕಿತ್ಕೊಂಡ್ ಬಂದಿದೀಯಲ್ಲೋ. ಅದೂ ಮಗೂದು."

"ಹೆಣ ತೊಳ್ಯೋರಿಗೆ ಸತ್ತೋರ ಬಟ್ಟೆ ಕೊಡಲ್ವಾ ನಾವು? ಇದೂ ಹಂಗೇ ಅಂದ್ಕೋ."

"ಅವ್ರು ತೊಳೀತಾರೆ. ನೀನೇನ್ ತೊಳ್ದೆ?"

ಅಮ್ಮ ಒಳಗಿಂದ ಕೂಗಿದಳು, "ಇಬ್ರೂ ಆಚೆ ಹೋಗಿ ಕಿತ್ತಾಡಿ. ಹುಳ ಬೆದರ್ಕೊಳ್ತಾವೆ." ಮಕ್ಕಳಿಗಿಂತ ಹುಳದ ಚಿಂತೆಯೇ ಹೆಚ್ಚು ಅವಳಿಗೆ.

ಮೇ ೧೮, ಸಂಜೆ

ಗಿರಾಕಿ ಬಂದಿದ್ದ, ಎರ್ಕಿನ್ ನನ್ನನ್ನೂ ಕರೆಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸೆಂಟು. ಎರ್ಕಿನ್ ಮನೆಯಲ್ಲಿ ಪಲಾವ್ ತಿಂದು, ಎಣ್ಣೆ ಕೈಯಲ್ಲೇ ಬೂಟು ತಿರುಗಿಸಿ ತಿರುಗಿಸಿ ನೋಡಿದ. ಜೊತೆ ಸಿಗದಿದ್ದರೂ ಪರವಾಗಿಲ್ಲವಂತೆ — ಕತ್ತರಿಸಿ, ಒಂದೊಂದು ಬಾತುಕೋಳಿಗೂ ಬೇರೆ ಬೇರೆ ಕಟ್ಟು ಹಾಕಿಸಿ ಮಾರುತ್ತಾನಂತೆ. ಕೋಳಿ ಅಂಗಡಿಯವನೂ ಇಷ್ಟು ಸಲೀಸಾಗಿ ಹೇಳುವುದಿಲ್ಲ.

ಆಮೇಲೆ ಫೋಟೋ. ಅಳತೆ ಗೊತ್ತಾಗಬೇಕು ಎಂದ. ಎರ್ಕಿನ್ ತನ್ನ ಮಗಳನ್ನು ಎತ್ತಿ ತಂದ. ಗುಲ್‌ಸಾನಮ್, ಈಗಷ್ಟೇ ನಡೆಯಲು ಕಲಿತವಳು. ಅವಳ ಬರಿಗಾಲಿಗೆ ತೊಡಿಸಿದ. ಸರಿಯಾಗಿ ಹೊಂದಿತು! ಅವಳು ನಗುತ್ತಾ ಕಾಲು ಕುಣಿಸಿದಳು. ಹಿಮ್ಮಡಿಯ ಹತ್ತಿರ ಆ ಕಂದು ಕಲೆ... ಅದು ಮಣ್ಣಲ್ಲ ಎಂದು ನನಗೆ ಗೊತ್ತು, ಅವನಿಗೂ ಗೊತ್ತು.

ಕಿತ್ತುಕೊಂಡೆ. ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಮಗುವಿನ ಪಾದ ಉಜ್ಜಿ ಉಜ್ಜಿ ತೊಳೆದೆ, ಅದು ಅತ್ತಿತು. ಗಿರಾಕಿ ಮುಖ ಸಿಂಡರಿಸಿದ, "ಏನಮ್ಮ, ಇಷ್ಟಕ್ಕೆಲ್ಲ!" ಇವನೂ ನನ್ನ ತಮ್ಮನೂ ಒಂದೇ ತಟ್ಟೆಯಲ್ಲಿ ತಿಂದರು. ಥೂ.

ಬೂಟು ಈಗ ನನ್ನ ಪೆಟ್ಟಿಗೆಯಲ್ಲಿದೆ. ಮ್ಯೂಸಿಯಮ್ಮಿನ ನಸೀಬಾಗೆ ಫೋನ್ ಮಾಡಿದೆ. ಗುರುವಾರ ಮಧ್ಯಾಹ್ನ ತಾವೇ ಬಂದು ಒಯ್ಯುತ್ತಾರಂತೆ. ಇಂಥದ್ದೊಂದನ್ನು ನೋಡದೇ ಸಾಯುತ್ತೇನೆ ಅಂದುಕೊಂಡಿದ್ದರಂತೆ.

ಮೇ ೧೯

ಎರ್ಕಿನ್ ಬಾಗಿಲಲ್ಲಿ ನಿಂತು ಅರಚಿದ. "ಒಡಹುಟ್ಟಿದೋನ್ನ ಜೈಲಿಗೆ ಹಾಕ್ಸೋ ಆಸೆನಾ?" ಹೆಸರು ಹೇಳುವುದಿಲ್ಲ ಎಂದೆ. ನಂಬಲಿಲ್ಲ.

ಅಮ್ಮನಿಗೆ ಪೆಟ್ಟಿಗೆಯ ಕೀಲಿ ಕೊಟ್ಟೆ. ಹಗಲೆಲ್ಲ ಮಗ್ಗದ ಮನೆಯಲ್ಲಿರುವವಳು ನಾನು, ಇನ್ನೇನು ಮಾಡಲಿ? ಅವನ ಕೈಗೆ ಸಿಗಬಾರದು, ಗುರುವಾರ ದೊಡ್ಡ ಅತಿಥಿ ಬರುತ್ತಾರೆ ಎಂದೆ. ಅಮ್ಮ ತಲೆಯಾಡಿಸಿದಳು. ಪೆಟ್ಟಿಗೆ ತೆರೆದು ತೋರಿಸುವಾಗ ನಾನೇ ಮೂಗು ಮುಚ್ಚಿಕೊಂಡೆ. ಛೀ, ನೋಡೋಕ್ಕಾಗಲ್ಲ, ಹೊಟ್ಟೆ ತೊಳಸತ್ತೆ ಎಂದೆ.

ಮೇ ೨೨, ಗುರುವಾರ

ಊಟದ ಹೊತ್ತಿಗೇ ಕೆಲಸ ಬಿಟ್ಟು ಬಂದೆ. ಬೀದಿಗೇ ವಾಸನೆ ಬಂತು. ಸಾಬೂನು, ಸೋಡಾ. ಹಸಿ ರೇಷ್ಮೆ ನೂಲು ಕುದಿಸಿ ಗೋಂದು ಬಿಡಿಸುವಾಗಿನ ವಾಸನೆ. ಈ ಊರಿನಲ್ಲಿ ಯಾರ ಮನೆಯಿಂದಾದರೂ ಬರಬಹುದು. ನಮ್ಮ ಮನೆಯಿಂದ ಬರುತ್ತಿತ್ತು.

ಅಂಗಳದಲ್ಲಿ ಒಲೆ, ಹಂಡೆ. ಅಮ್ಮ ಅಂಗಿಯ ತೋಳು ಮಡಿಸಿ ಕೋಲಾಡಿಸುತ್ತಿದ್ದಳು. ಮುಖ ಕೆಂಪಗೆ, ಖುಷಿಯಾಗಿತ್ತು.

"ಬಂದ್ಯಾ? ನಿನ್ ತಮ್ಮ ಬಂದಿದ್ದ, ಬೀಗ ಒಡೀತೀನಿ ಅಂತ. ಇದೇ ಕೋಲಲ್ಲಿ ಬಾರಿಸ್ದೆ, ನೋಡ್ಬೇಕಿತ್ತು ಓಡಿದ್ದು!"

"ಅಮ್ಮ, ಹಂಡೇಲಿ ಏನು?"

"ದೊಡ್ಡ ಮನುಷ್ರು ಬರ್ತಾರೆ ಅಂದ್ಯಲ್ಲ. ನಾತ ಹೊಡ್ಯೋದನ್ನ ಹೆಂಗೆ ಕೈಗ್ ಕೊಡ್ತೀಯ? ನೀನೇ ಛೀ ಛೀ ಅಂತಿದ್ದೆ. ಜನ್ಮವಿಡೀ ರೇಷ್ಮೆ ಕುದಿಸ್ದೋಳು ನಾನು, ಇಷ್ಟು ಮಾಡಕ್ಕಾಗಲ್ವಾ? ಎಳೇ ಮಗೂದು ಅಂತ ಸೋಡಾನೂ ಕಮ್ಮಿ ಹಾಕ್ದೆ."

ಬಗ್ಗಿ ನೋಡಿದೆ. ಕಪ್ಪು ಚಹಾದಂಥ ನೀರು. ಮೇಲೆ ನೊರೆ. ಅಲ್ಲಲ್ಲಿ ಕೂದಲಿನಂಥ ಎಳೆ, ಮುಟ್ಟಿದರೆ ಬೆರಳಿಗೆ ಲೋಳೆ. ಬಾತುಕೋಳಿ ಇಲ್ಲ. ಏನೂ ಇಲ್ಲ. ಎರ್ಕಿನ್ ಮೇಲೆ ಬಂದ ಅಸಹ್ಯ, ಆ ಬಿಳಿ ಅಂಗಿಯವನ ಮೇಲೆ ಬಂದ ಅಸಹ್ಯ — ಎಲ್ಲಾ ನನ್ನ ಈ ನಾಲಿಗೆಯ ಮೇಲೇ ಬಂದು ಕೂತಿತು. ಕೀಲಿ ಕೊಟ್ಟಾಗ ನೀರು ಸೋಕಿಸಬಾರದು ಎಂಬ ಒಂದು ಮಾತು ಹೇಳಲಾಗಲಿಲ್ಲ. ಛೀ ಎನ್ನಲು ಮಾತ್ರ ಆಯಿತು.

ಒಳಗೆ ಬಂದು ಹುಳುಗಳ ನಡುವೆ ಕೂತು ಬರೆಯುತ್ತಿದ್ದೇನೆ. ನಸೀಬಾ ಬಂದಾಯಿತು. ಅಮ್ಮ ಜಮಖಾನ ಹಾಸಿದಳು, ಚಹಾ ಕೊಟ್ಟಳು.

"ಒಂದ್ ಗಳಿಗೆ ಕೂತ್ಕೊಳ್ಳಿ ತಾಯಿ. ತಳದಲ್ಲೆಲ್ಲೋ ಸೇರ್ಕೊಂಡಿದೆ. ಈಗ ತೆಗೀತೀನಿ, ಹೊಸದರ ಹಂಗೆ ಹೊಳೀತಿರತ್ತೆ ನೋಡಿ..."

ಕೋಲು ಹಂಡೆಗೆ ತಾಗುವ ಸದ್ದು. ನನ್ನ ಹೆಸರು ಕೂಗುತ್ತಿದ್ದಾರೆ. ಹೋಗಿ ಅಮ್ಮನ ಎದುರಿಗೇ ಅವರಿಗೆ ಹೇಳಬೇಕು, ಹಂಡೆಯ ಆ ನೀರೇ ಬೂಟು ಎಂದು.