ರಸ್ತೆ ದಾಟಲು ನಾಲ್ಕು ದಿನ ಹಿಡಿದ ನನ್ನ ಹಣ

ಬ್ಯಾಂಕುಗಳ ಮೇಲೆ ಕಣ್ಣಿಡಲೆಂದೇ ನೇಮಕಗೊಂಡಿರುವ ಮಾನ್ಯ ಅಧಿಕಾರಿಗಳೇ,

ನನ್ನ ಹಣವನ್ನು ನನ್ನ ಒಂದು ಖಾತೆಯಿಂದ ನನ್ನದೇ ಇನ್ನೊಂದು ಖಾತೆಗೆ ಕಳಿಸಿದೆ. ಖಾತೆಗಳಿರುವ ಎರಡು ಬ್ಯಾಂಕುಗಳೂ ಒಂದೇ ರಸ್ತೆಯಲ್ಲಿ ಎದುರುಬದುರಾಗಿವೆ. ಹಣ ತಲುಪಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ, ನಾನು ಇಪ್ಪತ್ತಾರು ವರ್ಷ ಪಕ್ಕದಲ್ಲೇ ಕೆಲಸ ಮಾಡಿದ, ಇನ್ನು ಮುಂದೆ ನಾಲ್ಕು ಜನರ ಸಂಸಾರ ನಡೆಸಬೇಕಿದ್ದ ಒಂದು ಯಂತ್ರ ಗುಜರಿ ಪಾಲಾಯಿತು. ಇದೆಲ್ಲ ನನ್ನ ರಕ್ಷಣೆಗಾಗಿ ಆದದ್ದು ಎಂದು ಬ್ಯಾಂಕಿನವರು ಲಿಖಿತವಾಗಿ ತಿಳಿಸಿದ್ದಾರೆ. ಇಷ್ಟು ಚೆನ್ನಾಗಿ ನನ್ನನ್ನು ಈವರೆಗೆ ಯಾರೂ ರಕ್ಷಿಸಿರಲಿಲ್ಲ.

ನಿಮಗೆ ಈ ಮೊದಲು ಮೂರು ಖಾಸಗಿ ಪತ್ರ ಬರೆದಿದ್ದೇನೆ. ಮೂರಕ್ಕೂ ಒಂದೇ ಉತ್ತರ ಬಂತು: 'ತಮ್ಮ ದೂರನ್ನು ತೃಪ್ತಿಕರವಾಗಿ ಇತ್ಯರ್ಥಪಡಿಸಲಾಗಿದೆ.' ತೃಪ್ತಿ ಯಾರಿಗಾಯಿತು ಎಂದು ಅದರಲ್ಲಿ ಬರೆದಿರಲಿಲ್ಲ. ನನಗಂತೂ ಆಗಲಿಲ್ಲ. ಆದ್ದರಿಂದ ಈ ನಾಲ್ಕನೆಯ ಪತ್ರವನ್ನು ಊರೆಲ್ಲ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ನಾನು ಪುಸ್ತಕಕ್ಕೆ ರಟ್ಟು ಕಟ್ಟುವವಳು. ಆಸ್ಪತ್ರೆಯ ದಪ್ಪ ರಿಜಿಸ್ಟರುಗಳು, ಶಾಲೆಯ ಭೂಪಟದ ಪುಸ್ತಕಗಳು, ಪದವಿಗಾಗಿ ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳು, ಇವೆಲ್ಲ ನನ್ನ ಕೈಯಲ್ಲಿ ಹೊಲಿಗೆ ಹಾಕಿಸಿಕೊಂಡು ಹೊರಟಿವೆ. ಒಂದು ಹಳೆಯ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕೆಲಸ. ಪ್ರೆಸ್ಸಿನವರು ಸಂಬಳ ಹಾಕುತ್ತಿದ್ದದ್ದು ರಸ್ತೆಯ ಈಚೆ ಬದಿಯ ಬ್ಯಾಂಕಿಗೆ. ಮೂರು ವರ್ಷದ ಹಿಂದೆ ನಾನೂ ನನ್ನ ಅಕ್ಕನೂ ಸೇರಿ ಮನೆಯ ಮುಂದಿನ ಕೋಣೆಯಲ್ಲಿ ಸಣ್ಣದೊಂದು ಬೈಂಡಿಂಗ್ ಅಂಗಡಿ ಹಾಕಿದೆವು. ಅದರ ವ್ಯವಹಾರಕ್ಕೆ ರಸ್ತೆಯ ಆಚೆ ಬದಿಯ ಬ್ಯಾಂಕಿನಲ್ಲಿ ಖಾತೆ ತೆರೆದೆ. ಎರಡರಲ್ಲೂ ಅದೇ ಹೆಸರು, ಅದೇ ಫೋನ್ ನಂಬರು, ಅದೇ ಹೆದರಿದ ಮುಖದ ಫೋಟೋ. ಹೆಸರುಗಳನ್ನು ಹೇಳಿ ಅವರ ಮಾನ ಕಳೆಯುವ ಆಸೆ ನನಗಿಲ್ಲ. ಈಚೆ ಬ್ಯಾಂಕು, ಆಚೆ ಬ್ಯಾಂಕು ಎಂದೇ ಕರೆಯುತ್ತೇನೆ.

ಈ ವರ್ಷ ಪ್ರೆಸ್ಸು ಮುಚ್ಚಿತು. ಪಾಲುದಾರರು ಮೂವರು. ನಮಗೆ ಕೆಲಸ ಕೊಡುತ್ತಿದ್ದ ಪ್ರೆಸ್ಸಿನ ಯಜಮಾನರು ಅವರಲ್ಲೊಬ್ಬರು. ಇರುವ ಸಾಮಾನನ್ನೆಲ್ಲ ಮಾರಿ ಕಟ್ಟಡದ ಕೀಲಿ ಒಪ್ಪಿಸಬೇಕೆಂದು ಮೂವರೂ ಸಹಿ ಹಾಕಿ ಮಾರಾಟದ ಕೆಲಸವನ್ನು ಲೆಕ್ಕಿಗರ ಕೈಗೆ ಕೊಟ್ಟಿದ್ದರು. ಲೆಕ್ಕಿಗರ ನಿಯಮ ಸರಳವಾಗಿತ್ತು: ಶುಕ್ರವಾರ ಮಧ್ಯಾಹ್ನ ಮೂರರೊಳಗೆ ಯಾರ ಹಣ ಬರುತ್ತದೋ ಅವರಿಗೆ ಯಂತ್ರ, ಮೂರರ ನಂತರ ಉಳಿದದ್ದೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ. ಕಾಗದ ಕತ್ತರಿಸುವ ದೊಡ್ಡ ಯಂತ್ರ ನಮಗೆ ಬೇಕಿತ್ತು. ಅದಿಲ್ಲದೆ ಬೈಂಡಿಂಗ್ ಅಂಗಡಿ ಎಂದರೆ ಹಲ್ಲಿಲ್ಲದ ಬಾಯಿ. ಅದು ಬಂದರೆ ನಾನು, ಅಕ್ಕ, ಹೊಲಿಗೆ ಹಾಕುವ ಇನ್ನೊಬ್ಬಳು, ಮತ್ತು ಆ ಯಂತ್ರವನ್ನು ಮೂವತ್ತು ವರ್ಷ ನಡೆಸಿದ ಚಾಕು ಮಾಮ, ನಾಲ್ವರಿಗೂ ನಾಳೆಯ ಕೆಲಸ ಗಟ್ಟಿ. ಹನ್ನೊಂದು ವರ್ಷ ಕೂಡಿಟ್ಟ ಹಣ ಈಚೆ ಬ್ಯಾಂಕಿನಲ್ಲಿತ್ತು. ಆದರೆ ಬಿಲ್ಲು ಅಂಗಡಿಯ ಹೆಸರಿಗೆ ಬೇಕಿದ್ದರೆ ಹಣವೂ ಅಂಗಡಿಯ ಖಾತೆಯಿಂದಲೇ ಬರಬೇಕೆಂದು ಲೆಕ್ಕಿಗರು ಹೇಳಿದರು. ಅದು ನ್ಯಾಯವೇ. ಅವರ ಮೇಲೆ ನನ್ನ ತಕರಾರಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಫೋನಿನಲ್ಲೇ ಹಣ ಕಳಿಸಲು ಕೂತೆ. ಜಾಹೀರಾತಿನಲ್ಲಿ ಒಬ್ಬ ಹೆಂಗಸು ಸೋಫಾದ ಮೇಲೆ ಕಾಲು ಚಾಚಿಕೊಂಡು ನಗುನಗುತ್ತಾ ಕಳಿಸುತ್ತಾಳಲ್ಲ, ಹಾಗೆ. ಮೊದಲು ನನ್ನನ್ನೇ ನಾನು 'ಹೊಸ ಫಲಾನುಭವಿ' ಎಂದು ನೋಂದಾಯಿಸಿಕೊಳ್ಳಬೇಕಾಯಿತು. ಆಮೇಲೆ ಫಲಾನುಭವಿಗೂ ನನಗೂ ಏನು ಸಂಬಂಧ ಎಂದು ಕೇಳಿತು. ತಂದೆ, ತಾಯಿ, ಗಂಡ, ಮಕ್ಕಳು, ಸ್ನೇಹಿತರು, ವ್ಯಾಪಾರ, ಇತರೆ. 'ನಾನೇ' ಎಂಬುದು ಎಲ್ಲಿಯೂ ಇರಲಿಲ್ಲ. ಬೇರೆ ದಾರಿ ಕಾಣದೆ 'ಇತರೆ' ಒತ್ತಿದೆ. ಹಣ ಹೋಯಿತು ಎಂದು ಹಸಿರು ಗುರುತು ಬಂತು. ನಾನು ನೆಮ್ಮದಿಯಿಂದ ಕೆಲಸಕ್ಕೆ ಹೋದೆ.

ಈಗ ನನ್ನ ಕಡೆಯ ತಪ್ಪನ್ನು ನಾನೇ ಹೇಳುತ್ತೇನೆ, ನೀವು ಹುಡುಕುವ ಕಷ್ಟ ತೆಗೆದುಕೊಳ್ಳಬೇಡಿ. ನಮ್ಮ ಕೋಣೆಯಲ್ಲಿ ಒಂದು ಕಟ್ಟುನಿಟ್ಟು. ಬ್ಲೇಡು ಓಡುತ್ತಿರುವಾಗ ಎಲ್ಲರ ಫೋನೂ ಆಫ್ ಆಗಿ, ಕಪಾಟಿನ ಮೇಲಿರುವ ಬಿಸ್ಕತ್ತಿನ ಡಬ್ಬಿಯೊಳಗೆ ಇರಬೇಕು. ಹಿಂದೊಮ್ಮೆ ಫೋನ್ ಬಡಿದುಕೊಂಡಿತೆಂದು ಒಬ್ಬ ಕತ್ತು ತಿರುಗಿಸಿ ಎರಡು ಬೆರಳ ತುದಿ ಕಳೆದುಕೊಂಡ. ಅಂದಿನಿಂದ ಚಾಕು ಮಾಮ ಯಜಮಾನರ ಫೋನನ್ನೂ ಬಿಟ್ಟವರಲ್ಲ. ಆ ಶುಕ್ರವಾರ ಆಸ್ಪತ್ರೆಯ ಇನ್ನೂರು ರಿಜಿಸ್ಟರುಗಳ ಅಂಚು ಕತ್ತರಿಸುವ ಕಡೆಯ ಕೆಲಸ ಇತ್ತು. ನನ್ನ ಫೋನು ಹತ್ತೂ ಕಾಲಿನಿಂದ ಹನ್ನೊಂದೂವರೆಯವರೆಗೆ ಡಬ್ಬಿಯಲ್ಲಿತ್ತು. ಆ ಹೊತ್ತಿನಲ್ಲಿ ಈಚೆ ಬ್ಯಾಂಕಿನ ಯಂತ್ರವೊಂದು ಆರು ನಿಮಿಷದೊಳಗೆ ಮೂರು ಸಲ ಕರೆ ಮಾಡಿ, ಈ ಹಣ ಕಳಿಸಿದ್ದು ನೀವೇನಾ ಎಂದು ಕೇಳಲು ನೋಡಿದೆ. ಉತ್ತರ ಸಿಗದಿದ್ದಕ್ಕೆ ಹಣವನ್ನು ತಡೆಹಿಡಿದಿದೆ. ಕೈಬೆರಳು ಉಳಿಸಿಕೊಳ್ಳಲು ನಾವು ಮಾಡಿಕೊಂಡ ಕಟ್ಟಳೆ ನನಗೆ ಮುಳುವಾಯಿತು.

ಮಧ್ಯಾಹ್ನ ಹನ್ನೆರಡಕ್ಕೆ ಆಚೆ ಬ್ಯಾಂಕಿಗೆ ಹೋದರೆ ಹಣ ಬಂದಿರಲಿಲ್ಲ. ರಸ್ತೆ ದಾಟಿ ಈಚೆ ಬ್ಯಾಂಕಿಗೆ ಬಂದೆ. ಕೌಂಟರಿನಲ್ಲಿದ್ದ ಹುಡುಗಿ ಪಾಪ ಒಳ್ಳೆಯವಳು. ಅವಳು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

"ದುಡ್ಡು ನಿಮ್ಮ ಖಾತೆಯಿಂದ ಹೋಗಿದೆ ಮೇಡಂ."

"ಆ ಕಡೆ ಬಂದಿಲ್ವಲ್ಲಮ್ಮ."

"ಬರಲ್ಲ. ತಡೆದಿದಾರೆ."

"ಹಂಗಾದ್ರೆ ವಾಪಸ್ ಕೊಟ್ಬಿಡು. ಕ್ಯಾಶ್ ತಗೊಂಡು ನಾನೇ ಹೋಗಿ ಕಟ್ತೀನಿ."

"ನಿಮ್ಮ ಖಾತೇಲೂ ಇಲ್ವಲ್ಲ ಮೇಡಂ. ಮಧ್ಯದಲ್ಲಿದೆ."

"ಮಧ್ಯದಲ್ಲಿ ಅಂದ್ರೆ ಎಲ್ಲಿ? ರಸ್ತೇಲಾ?"

ಅವಳು ತನ್ನ ಪರದೆಯನ್ನು ನೋಡಿ, "ಪಡೆಯೋರು ನಿಮಗೆ ಏನಾಗ್ಬೇಕು ಅಂತ ಕೇಳಿದ್ದಕ್ಕೆ 'ಇತರೆ' ಅಂತ ಹಾಕಿದೀರಿ. ಅದಕ್ಕೇ ಅನುಮಾನ ಬಂದಿರೋದು," ಎಂದಳು.

"ಪಡೆಯೋಳು ನಾನೇ ಕಣಮ್ಮ. ಇಲ್ಲಿ ನೋಡು, ಇದು ಆ ಬ್ಯಾಂಕಿನ ಪಾಸ್‌ಬುಕ್ಕು. ಇದು ನನ್ನ ಮುಖ."

"ನಂಗೆ ಗೊತ್ತಾಗುತ್ತೆ ಮೇಡಂ. ಸಿಸ್ಟಮ್ಮಿಗೆ ಗೊತ್ತಾಗಲ್ಲ."

ಗಾಜಿನ ಕೋಣೆಯ ಮ್ಯಾನೇಜರ್ ಕೂಡ ನನ್ನನ್ನು ಕೂರಿಸಿ ಮರ್ಯಾದೆಯಿಂದಲೇ ಮಾತಾಡಿದರು. ತಡೆದದ್ದು ತಾವಲ್ಲ, ಮುಖ್ಯ ಕಚೇರಿಯ ವಿಭಾಗ. ಅದಕ್ಕೆ ಫೋನಿಲ್ಲ, ಇಮೇಲ್ ಮಾತ್ರ. ಇಮೇಲ್ ನೋಡಲು ಎರಡು ಕೆಲಸದ ದಿನ. ಶನಿವಾರ, ಭಾನುವಾರ ಕೆಲಸದ ದಿನಗಳಲ್ಲ. ನನ್ನ ಗುರುತನ್ನು ಇಲ್ಲೇ ಪರೀಕ್ಷಿಸಿ ಎಂದು ಗೋಗರೆದೆ. ಬೆರಳ ಗುರುತು ನೋಡುವ ಯಂತ್ರ ತಂದಿಟ್ಟರು. ಇಪ್ಪತ್ತಾರು ವರ್ಷ ಅಂಟು, ಕಾಗದ ಉಜ್ಜಿದ ಬೆರಳು. ಗೆರೆಗಳು ಎಲ್ಲಿ ಉಳಿದಿರಬೇಕು? ಐದು ಸಲ ಒತ್ತಿದೆ, ಐದು ಸಲವೂ ಕೆಂಪು ದೀಪ. "ನೋಡಿದ್ರಾ?" ಎನ್ನುವ ಹಾಗೆ ಅವರು ನನ್ನನ್ನೇ ನೋಡಿದರು. ಮಾಡಿದ ದುಡಿಮೆಯೇ ನನ್ನ ವಿರುದ್ಧ ಸಾಕ್ಷಿ ಹೇಳಿದಂತಾಯಿತು. ಆಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆಚೆ ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಕಾವಲುಗಾರ ನಾನು ಅತ್ತಿಂದಿತ್ತ ಓಡಾಡುವುದನ್ನು ನಾಲ್ಕು ಸಲ ನೋಡಿದ್ದ. ಐದನೆಯ ಸಲ ಕೇಳಿಯೇಬಿಟ್ಟ: "ಅಕ್ಕ, ಏನು ಕಳ್ಕೊಂಡ್ರಿ?" ವಿಷಯ ಹೇಳಿದೆ. ಅವನು ನಕ್ಕ. "ಅಯ್ಯೋ, ನೋಟು ಚೀಲಕ್ಕೆ ಹಾಕ್ಕೊಂಡು ಬಂದಿದ್ರೆ ಹತ್ತು ನಿಮಿಷದ ಕೆಲ್ಸ!" ಆ ಮಾತಿಗೆ ನಿಮ್ಮಲ್ಲಿ ಉತ್ತರವಿದೆಯೇ, ಮಾನ್ಯರೇ?

ಮೂರು ಗಂಟೆಗೆ ಲೆಕ್ಕಿಗರ ಮುಂದೆ ನಿಂತು ಹಸಿರು ಗುರುತನ್ನು ತೋರಿಸಿದೆ. "ಇದು ಹೋಗಿದ್ದಕ್ಕೆ ಗುರುತಮ್ಮ, ಬಂದಿದ್ದಕ್ಕಲ್ಲ," ಎಂದರು. ಯಜಮಾನರು ಅಲ್ಲೇ ಇದ್ದರು. "ನಿನ್ನ ಮಾತೇ ಸಾಕು ನಂಗೆ. ಆದ್ರೆ ಮೂರು ಜನರ ಸಹಿ ಇದೆ, ನಾನೊಬ್ಬ ಏನು ಮಾಡ್ಲಿ," ಎಂದು ತಲೆ ತಗ್ಗಿಸಿದರು. ನಾಲ್ಕಕ್ಕೆ ಲಾರಿ ಬಂತು. ಇಡೀ ಯಂತ್ರ ಬಾಗಿಲಲ್ಲಿ ಹಿಡಿಯುವುದಿಲ್ಲವೆಂದು ಗುಜರಿಯವರು ಗ್ಯಾಸಿನ ಬೆಂಕಿಯಿಂದ ಕೊಯ್ಯಲು ತಯಾರಾದರು. ಚಾಕು ಮಾಮ, "ಒಂದ್ನಿಮಿಷ ತಡೀರಪ್ಪ, ಕೈ ಹೋಗುತ್ತೆ," ಎಂದು ಅವರನ್ನು ಹಿಂದೆ ಸರಿಸಿ, ಸ್ಪ್ಯಾನರ್ ಹಿಡಿದು ಬ್ಲೇಡನ್ನು ತಾವೇ ಬಿಚ್ಚಿ, ಕಂಬಳಿ ತುಂಡಿನಲ್ಲಿ ಸುತ್ತಿ, ಹುಷಾರಾಗಿ ಅವರ ಕೈಗೇ ಕೊಟ್ಟರು. ತನ್ನ ಅನ್ನ ಕಸಿಯಲು ಬಂದವರ ಬೆರಳನ್ನೂ ಕಾಯ್ದ ಮನುಷ್ಯ ಅವರು. ರಕ್ಷಣೆ ಎಂಬ ಮಾತನ್ನು ಬಳಸುವ ಅರ್ಹತೆ ಅವರಿಗಿದೆ, ನಿಮ್ಮ ಬ್ಯಾಂಕುಗಳಿಗಿಲ್ಲ.

ಅಕ್ಕ ಫುಟ್‌ಪಾತಿನ ಮೇಲೆ ಕುಸಿದು ಕೂತು, "ದುಡ್ಡಿದ್ದೂ ಇಲ್ಲದೋರ ಹಾಗೆ ಆದ್ವಲ್ಲೇ," ಎಂದಳು. ಐವತ್ತೊಂದು ವರ್ಷದ ನಾನು ನಡುಬೀದಿಯಲ್ಲಿ ನಿಂತು ಅತ್ತೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮಂಗಳವಾರ ಹನ್ನೊಂದೂ ಹತ್ತಕ್ಕೆ ಫೋನು ಟಿಂಗ್ ಎಂದಿತು. 'ಅಭಿನಂದನೆಗಳು! ತಮ್ಮ ಹಣ ಯಶಸ್ವಿಯಾಗಿ ತಲುಪಿದೆ.' ಕೆಳಗೆ ಐದು ನಕ್ಷತ್ರಗಳಿದ್ದವು. ಎಷ್ಟು ಕೊಡುತ್ತೀರೆಂದು ಕೇಳಿದ್ದರು.

ಕಳ್ಳರ ಕಾಟ ಹೆಚ್ಚಾಗಿದೆ, ಎಚ್ಚರ ಬೇಡವೇ ಎನ್ನುತ್ತೀರಿ. ಖಂಡಿತ ಬೇಕು. ನಮ್ಮ ಎದುರುಮನೆಯ ನಿವೃತ್ತ ಮೇಷ್ಟ್ರ ಖಾತೆಯನ್ನು ಹೋದ ವರ್ಷ ಯಾರೋ ಫೋನಿನಲ್ಲೇ ಬೋಳಿಸಿದರು. ಅವರ ಹಣ ಒಂದೇ ಒಂದು ನಿಮಿಷದಲ್ಲಿ ಆರು ಅಪರಿಚಿತರ ಖಾತೆಗಳನ್ನು ಸೇರಿತು. ಆಗ ಈ ಕಾವಲು ಯಂತ್ರ ಎಲ್ಲಿ ನಿದ್ದೆ ಹೋಗಿತ್ತು? ಕಳ್ಳನ ಹಣಕ್ಕೆ ಓಟ, ಒಡತಿಯ ಹಣಕ್ಕೆ ಕುಂಟು, ಇದ್ಯಾವ ಸೀಮೆಯ ಎಚ್ಚರ? ನನ್ನ ಖಾತೆಗೆ ಕನ್ನ ಹಾಕಿ, ಆ ಹಣವನ್ನು ಜೋಪಾನವಾಗಿ ನನ್ನದೇ ಇನ್ನೊಂದು ಖಾತೆಗೆ ತುಂಬಿ ಹೋಗುವ ಕಳ್ಳ ಎಲ್ಲಾದರೂ ಇದ್ದರೆ ದಯವಿಟ್ಟು ವಿಳಾಸ ಕೊಡಿ. ಮನೆಗೆ ಕರೆದು ಊಟ ಹಾಕುತ್ತೇನೆ.

ಇನ್ನೊಂದು ಮಾತು. ಗಂಟು ಹೀಗೆ ಹೊರಟುಹೋದ ಮೇಲೆ ನನ್ನ ಖಾತೆಯಲ್ಲಿ ಇರಬೇಕಾದಷ್ಟು ಹಣ ಇಲ್ಲವೆಂದು ಈಚೆ ಬ್ಯಾಂಕು ದಂಡ ಮುರಿದುಕೊಂಡಿತು. ಅಂದು ಭಾನುವಾರ. ತೆಗೆದುಕೊಳ್ಳುವವರು ನಿಮಗೇನಾಗಬೇಕು ಎಂದು ಯಾರೂ ನನ್ನನ್ನು ಕೇಳಲಿಲ್ಲ, ಎರಡು ಕೆಲಸದ ದಿನ ಕಾಯಲೂ ಇಲ್ಲ. ಅಂದರೆ ಹಣ ಕ್ಷಣದಲ್ಲಿ ಓಡಬಲ್ಲದು. ಯಾರ ಕಡೆಗೆ ಓಡಬೇಕೆಂಬುದಷ್ಟೇ ತಕರಾರು. ನನ್ನ ಹನ್ನೊಂದು ವರ್ಷದ ಗಂಟು ನಾಲ್ಕು ದಿನ 'ಮಧ್ಯದಲ್ಲಿ' ಇತ್ತಲ್ಲ, ಆ ಮಧ್ಯ ಎಂಬುದು ಯಾರ ಜೇಬು? ಅಲ್ಲಿ ಅದಕ್ಕೆ ಬಡ್ಡಿ ಹುಟ್ಟಿತೇ? ಹುಟ್ಟಿದ್ದರೆ ಆ ಕೂಸು ಯಾರ ಮನೆಯಲ್ಲಿದೆ?

ನನ್ನ ಬೇಡಿಕೆ ದೊಡ್ಡದೇನಲ್ಲ. ಸಂಬಂಧದ ಆ ಪಟ್ಟಿಯಲ್ಲಿ 'ನಾನೇ' ಎಂದು ಒಂದು ಸಾಲು ಸೇರಿಸಿ. ಎರಡು ಖಾತೆಗಳೂ ಒಬ್ಬರದ್ದೇ ಎಂದು ಒಮ್ಮೆ ಕೌಂಟರಿನಲ್ಲಿ ದಾಖಲೆ ತೋರಿಸಿ ರುಜುವಾತು ಮಾಡಿದ ಮೇಲೆ, ಅವುಗಳ ನಡುವೆ ಹಣ ರಜೆಯಿರಲಿ ಬಿಡಲಿ ಆ ನಿಮಿಷವೇ ಹೋಗಬೇಕು. ಅನುಮಾನ ಬಂದು ತಡೆದರೆ, ಒಡತಿ ಎದುರಿಗೆ ಬಂದು ನಿಂತಾಗ ಅವಳನ್ನು ನೋಡಿ ಅದೇ ದಿನ ಬಿಡಿಸುವ ಅಧಿಕಾರ ಆ ಶಾಖೆಯ ಒಬ್ಬ ಮನುಷ್ಯನಿಗಾದರೂ ಇರಬೇಕು. ಮೂಗು, ಕಣ್ಣು, ನಾಲಿಗೆ ಇರುವ ಮನುಷ್ಯನಿಗೆ. ಇವಿಷ್ಟನ್ನು ಆದೇಶವಾಗಿ ಹೊರಡಿಸಲು ನಿಮ್ಮ ಕಚೇರಿಗೆ ಒಂದು ಹಾಳೆ ಸಾಕು. ಹಾಳೆ ಇಲ್ಲದಿದ್ದರೆ ಹೇಳಿ, ನಮ್ಮ ಅಂಗಡಿಯಲ್ಲಿ ಬೇಕಾದಷ್ಟಿದೆ. ಅಂಚು ಕತ್ತರಿಸಿರುವುದಿಲ್ಲ, ಅಷ್ಟೇ.

ಯಂತ್ರ ಹೋದ ಮೇಲೆ ಹೊಲಿಗೆಯವಳು ಡಬ್ಬಿ ತುಂಬುವ ಕಾರ್ಖಾನೆಗೆ ಸೇರಿದಳು. ಚಾಕು ಮಾಮ ದಿನಾ ಬೆಳಿಗ್ಗೆ ಅಂಗಡಿಗೆ ಬಂದು ಅಂಟು ಕಲಸಿಕೊಟ್ಟು, ಸಂಬಳದ ಮಾತೆತ್ತದೆ ಹೋಗುತ್ತಾರೆ. ಈಗ ಇನ್ನೊಂದು ಪ್ರೆಸ್ಸಿನಲ್ಲಿ ಇನ್ನೊಂದು ಕತ್ತರಿಸುವ ಯಂತ್ರ ಮಾರಾಟಕ್ಕೆ ಬಂದಿದೆ. ಮಾಮ ಹೋಗಿ ಅದರ ಸದ್ದು ಕೇಳಿ, "ಗಟ್ಟಿಯಾಗಿದೆ, ಬಿಡಬೇಡ," ಎಂದಿದ್ದಾರೆ. ಅದಕ್ಕೆ ಬೆಲೆ ಹೆಚ್ಚು. ನನ್ನ ಹಣದ ಜೊತೆಗೆ ಅಕ್ಕನ ಉಳಿತಾಯವೂ ಬೇಕು, ಅದಿರುವುದು ಈಚೆ ಬ್ಯಾಂಕಿನಲ್ಲಿ.

ಆದ್ದರಿಂದ ಕೇಳಿ. ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಮತ್ತು ಅಕ್ಕ ಈಚೆ ಬ್ಯಾಂಕಿನಲ್ಲಿ ಆ ಹಣವನ್ನು ನೋಟುಗಳಲ್ಲಿ ತೆಗೆದುಕೊಳ್ಳುತ್ತೇವೆ. ಅಷ್ಟು ನೋಟಿಲ್ಲ ಎಂಬ ಸಬೂಬು ಬೇಡವೆಂದು ಒಂದು ವಾರ ಮೊದಲೇ ಅರ್ಜಿ ಬರೆದು ಸೀಲು ಹಾಕಿಸಿಕೊಂಡಿದ್ದೇವೆ. ನಮ್ಮ ಹಿಂದೆ ಇನ್ನೂ ಹದಿನೇಳು ಜನರಿರುತ್ತಾರೆ. ಒಬ್ಬರು ಗಡಿಯಾರ ರಿಪೇರಿಯವರು, ಇಬ್ಬರು ನರ್ಸುಗಳು, ಒಬ್ಬ ಬಸ್ ಡ್ರೈವರ್, ಹೀಗೆ ಎಲ್ಲರೂ ನಿಮ್ಮ 'ಮಧ್ಯದಲ್ಲಿ' ಒಂದಲ್ಲ ಒಂದು ಸಲ ಸಿಕ್ಕಿಕೊಂಡವರೇ. ಅವರೂ ತಮ್ಮ ತಮ್ಮ ಹಣ ತೆಗೆದುಕೊಳ್ಳುತ್ತಾರೆ. ಹತ್ತೊಂಬತ್ತು ಜನರೂ ಸಾಲಾಗಿ, ಚೀಲ ಎದೆಗೆ ಅವಚಿಕೊಂಡು, ಹಗಲು ಬೆಳಕಿನಲ್ಲಿ ಆಚೆ ಬ್ಯಾಂಕಿಗೆ ನಡೆದು ಹೋಗಿ ಕಟ್ಟುತ್ತೇವೆ. ಯಂತ್ರ ಮಾರುವವರ ಖಾತೆಯೂ ಅದೇ ಬ್ಯಾಂಕಿನಲ್ಲಿದೆ, ಹನ್ನೊಂದರೊಳಗೆ ಯಂತ್ರ ನಮ್ಮದಾಗಿರುತ್ತದೆ. ಪುರುಸೊತ್ತಿದ್ದರೆ ಬಂದು ಫುಟ್‌ಪಾತಿನ ಮೇಲೆ ನಿಂತು ನೋಡಿ. ನಿಮ್ಮ ಆದೇಶ ಬರಲಿ, ಬರದೇ ಇರಲಿ. ರಸ್ತೆ ದಾಟಲು ನಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇಂತಿ,
ಎರಡೂ ಬ್ಯಾಂಕುಗಳ ನಿಷ್ಠಾವಂತ ಗ್ರಾಹಕಳು,
ಸದ್ಯಕ್ಕೆ ಯಂತ್ರವಿಲ್ಲದ ರಟ್ಟಿನವಳು