ಸೋದರತ್ತಿ ಮನಿಗೆ ಹೋದ ಕೂಸು

ಹೇಸ್, ಲಂಡನ್
೫ ನವೆಂಬರ್ ೨೦೨೪

ಪ್ರೀತಿಯ ಶಿವಕ್ಕಾ,

ಶರಣು. ಮೊಣಕಾಲು ನೋವು ಹ್ಯಾಂಗದ? ಥಂಡ್ಯಾಗ ಕಾಳು ಒಣಾ ಹಾಕಾಕ ಮಾಳಗಿ ಹತ್ತಬ್ಯಾಡ್ರಿ, ಹೇಳಿದ್ದು ಕೇಳ್ರಿ. ಫೋನಿನ್ಯಾಗ ನಿಮಗ ಸರಿ ಕೇಳಂಗಿಲ್ಲ, ಅದಕ್ಕ ಬರೀಲಿಕತ್ತೀನಿ. ನಾವು ಆರಾಮ ಇದೀವಿ. ನಿಮ್ಮ ತಮ್ಮ ತೀರಿಕೊಂಡು ವರ್ಷಾತು. ಜಿಪಿ, ಅಂದ್ರ ಇಲ್ಲಿ ನಮ್ಮ ಡಾಕ್ಟರ್ ಕಡಿಂದ ಇನ್ನೂ ಅವರ ಹೆಸರಿಗೆ ಫ್ಲೂ ಸೂಜಿಗೆ ಬರ್ರಿ ಅಂತ ಮೆಸೇಜ್ ಬರತಾವ.

ಮಧ್ಯಾಹ್ನ ನಾವು ಗಂಡ ಹೆಂಡತಿ ಇಬ್ಬರೂ ಟಿವ್ಯಾಗ ಒಂದು ಧಾರಾವಾಹಿ ನೋಡತಿದ್ದಿವಲ್ಲ, ಅಮೇರಿಕಾದ ಖಾಲಿ ಬಯಲಿಗೆ ಗಾಡಿ ಹೊಡಕೊಂಡು ಹೋಗಿ ಹೊಲಾ ಮಾಡಿದ ಮನಿತನದ ಕಥಿ, ವರ್ಷಗಟ್ಟಲೆ ಮುಗೀಲಾರದ್ದು. ನನಗ ಇಂಗ್ಲಿಷ್ ಎಲ್ಲಿ ಬರತದ? ಅವರ ನನಗ ಕನ್ನಡದಾಗ ಹೇಳತಿದ್ರು. ಅವರ ಬಾಯಾಗ ಆ ಮಂದಿ ಎಲ್ಲಾ ನಮ್ಮ ವಿಜಯಪುರದ ಕಡಿಯವರ ಆಗತಿದ್ರು. ಒಮ್ಮೆ ಹಿಮಾ ಬಿದ್ದಾಗ ಅವರ ಸಣ್ಣ ಕೂಸು ಕಾಣಲಾರದಾತು. ತಾಯಿ ಅಳತಿದ್ಲು, ತಂದಿ ನೆಲಾ ಅಗೀತಿದ್ದ. ಏನಾತ್ರಿ ಅಂದೆ. "ಏನಿಲ್ಲ, ಕೂಸಿನ್ನ ಸೋದರತ್ತಿ ತನ್ನ ಊರಿಗೆ ಕರಕೊಂಡು ಹೋಗ್ಯಾಳ. ಅವಾ ಕಾಳು ತುಂಬಾಕ ಹಗೇವು ತೋಡ್ಲಿಕತ್ತಾನ," ಅಂದು ಎದ್ದು ಅಡಗಿಮನಿಗೆ ಹೋದ್ರು. ನಾ ನಂಬಿದೆ. ಆಮ್ಯಾಲೂ ಆಗಾಗ ಕೇಳತಿದ್ದೆ. "ಹಲ್ಲು ಬಂದಾವಂತ," "ಈಗ ಸಾಲಿಗೆ ಹೊಂಟಾಳಂತ," ಅಂತಿದ್ರು.

ಆ ಧಾರಾವಾಹಿನ್ನ ಈಗ ಮೊದಲಿಂದ ಮತ್ತ ಹಾಕ್ಯಾರ. ಹೋದ ವಾರ ಸಾಲಿ ಸೂಟಿ, ಮೊಮ್ಮಗಳು ಐಶ್ವರ್ಯಾ ಬಾಜೂಕ ಕುಂತಿದ್ಲು. ಅದೇ ಹಿಮಾ ಬಂತು. "ಈಗ ಕೂಸು ಅತ್ತಿ ಮನಿಗೆ ಹೋಗತದ ನೋಡು," ಅಂದೆ. "ನೋ ಅಜ್ಜಿ, ಬೇಬಿ ಡೈಡ್," ಅಂದ್ಲು. ಅಷ್ಟು ಇಂಗ್ಲಿಷ್ ನನಗೂ ತಿಳೀತದ, ಅಕ್ಕಾ. ಸಿಟ್ಟು ಬರಲಿಲ್ಲ. ನನ್ನ ಮಗ್ಗಲದಾಗ ಕುಂತು ಅದನ್ನ ಅವರೊಬ್ಬರ ನೋಡಿದ್ರಲ್ಲ ಅನಸ್ತು. ನಮ್ಮ ಮಗಳು ಚನ್ನಬಸವ್ವ ತೊಟ್ಟಿಲದಾಗಿಂದ ಹೋದ ಮ್ಯಾಲ ಆಕಿ ಹೆಸರು ನಾವಿಬ್ಬರೂ ಎತ್ತಿದ್ದಿಲ್ಲ. ತನಗ ಒಬ್ಬಾಕಿ ಅಕ್ಕ ಇದ್ಲು ಅಂತ ಮಗ ವಿಕಾಸನಿಗೂ ಗೊತ್ತಿಲ್ಲ. ಅವತ್ತ ಐಶ್ವರ್ಯಾಗ ಎಲ್ಲಾ ಹೇಳಿದೆ. ಆ ಹುಡುಗಿ ಟಿವಿ ಬಂದ್ ಮಾಡಿ, ಹೆಸರು ಕೇಳಿ, ತನ್ನ ತೊದಲು ಕನ್ನಡದಾಗ ಅದನ್ನ ಮತ್ತ ಮತ್ತ ಅಂದ್ಲು.

ಗುಳಿಗಿ ತಪ್ಪಸಬ್ಯಾಡ್ರಿ. ಮನ್ಯಾಗಿನ ಎಲ್ಲಾರಿಗೂ ನನ್ನ ಶರಣು, ಸಣ್ಣ ಹುಡುಗರ ಗಲ್ಲಕ್ಕ ನನ್ನ ಮುತ್ತು.

ನಿಮ್ಮ
ಬಸಲಿಂಗವ್ವ

ತಾ.ಕ.: ಪೋಸ್ಟಿಗೆ ಹಾಕಾಕ ಸೊಸಿ ಬಾಗಲದಾಗ ನಿಂತಾಳ. ಅಕ್ಕಾ, ಕೂಸಿನ್ನ ಮಣ್ಣಿಗೆ ಒಯ್ದಾಗ ಹಸಿ ಬಾಣಂತಿ ಅಂತ ನನ್ನ ಹೊರಗ ಬಿಡಲಿಲ್ಲ. ತಮ್ಮನ ಜೋಡಿ ನೀವು ಹೋಗಿದ್ರಿ. ಆ ಜಾಗಾ ನೆನಪದ ಏನ್ರಿ? ಯುಗಾದಿಗೆ ಬರತೀನಿ. ನನ್ನ ಅಲ್ಲಿಗೆ ಕರಕೊಂಡು ಹೋಗ್ರಿ.