ಆಮೆಗೆ ಮಂಡಕ್ಕಿ ಹಾಕಿದ ಸೋಮವಾರಗಳು

ಮತ್ತೋಡು,
ಗುರುವಾರ, ೧೪ ನವೆಂಬರ್ ೨೦೨೪

ಚಿ. ಸೌ. ಪಾರ್ವತಿಗೆ,

ನಿನ್ನ ಗಂಡ ಮರುಳಸಿದ್ದಪ್ಪ ಬರೆಯುವುದು. ಇಲ್ಲಿ ಆಶೀರ್ವಾದ ಎಂದು ಬರೆಯಬೇಕು, ಕೈ ಏಳುತ್ತಿಲ್ಲ. ಕ್ಷೇಮ ಎಂದು ಬರೆಯಬೇಕು, ಅದನ್ನೂ ಬರೆಯಲಾರೆ. ನಿನ್ನ ತಂಗಿ ಮಹಾದೇವಮ್ಮ ಮುರಿದ ಕಾಲೂರಿ ಗೋಡೆ ಹಿಡಿದು ನಡೆಯುತ್ತಿದ್ದಾಳಂತಲ್ಲ, ಅದೊಂದು ಸಮಾಧಾನ.

ದಿನಾ ಫೋನು ಮಾಡುವವನು ಇವತ್ತೇಕೆ ಹೊಳಲ್ಕೆರೆಗೆ ಕಾಗದ ಬರೆದ ಅಂತ ಹುಬ್ಬೇರಿಸಬೇಡ. ಫೋನು ಕಿವಿಗಿಟ್ಟರೆ ಸಾಕು, ನನ್ನ ಗಂಟಲಲ್ಲಿ ಒಂದು ಪಾತ್ರ ಬಂದು ಕೂತುಬಿಡುತ್ತದೆ. ನಲವತ್ತು ವರ್ಷ ಊರೂರಿಗೆ ನಾಟಕ ಕಲಿಸಿದ ಗಂಟಲು. ಮೈಕಿಲ್ಲದೆ ಕಡೇ ಸಾಲಿನವರನ್ನು ಎಬ್ಬಿಸಿ ಕೂರಿಸಿದ ಗಂಟಲು. ಅದಕ್ಕೆ ಗರ್ಜಿಸಲು ಬರುತ್ತದೆ, ಪ್ರಲಾಪಿಸಲು ಬರುತ್ತದೆ. ತಪ್ಪಾಯಿತು ಅನ್ನಲು ಬರುವುದಿಲ್ಲ. ಅದಕ್ಕೇ ಪೆನ್ನು.

ಶ್ರಾವಣದಲ್ಲಿ ನೀನು ಬಸ್ಸು ಹತ್ತುವ ಮುಂಚೆ ನಿನ್ನ ಎರಡು ಆಮೆಗಳನ್ನು, ಗೌರಿಯನ್ನೂ ಪುಟ್ಟಿಯನ್ನೂ, ನನ್ನ ವಶಕ್ಕೆ ಕೊಟ್ಟೆ. ಅಡುಗೆಮನೆಯ ಗೋಡೆಗೆ ಪಟ್ಟಿ ಅಂಟಿಸಿದೆ. ಡಬ್ಬಿಯಲ್ಲಿ ಬರುವ ಆಮೆ ಮೇವಿನ ಕಾಳು, ಆಮೆಯ ತಲೆ ಎಷ್ಟು ದಪ್ಪವೋ ಅಷ್ಟೇ. ಪುಟ್ಟಿಗೆ ದಿನಾ, ಗೌರಿಗೆ ದಿನ ಬಿಟ್ಟು ದಿನ. ವಾರಕ್ಕೆರಡು ಸಲ ಒಣ ಸೀಗಡಿ ಅಥವಾ ಎರೆಹುಳ. ಸೊಪ್ಪು, ತುರಿದ ಕುಂಬಳ, ಗಜ್ಜರಿ. ಕಚ್ಚಲು ಸುಣ್ಣದಂಥ ಆ ಬಿಳಿ ಮೂಳೆ. ಕಲ್ಲಿನ ಮೇಲೆ ಎಳೆಬಿಸಿಲು ಎರಡು ತಾಸು. ಕೊನೆಗೆ, ಎರಡೆರಡು ಗೆರೆ ಎಳೆದು: "ಅನ್ನ, ಹಾಲು, ಮಂಡಕ್ಕಿ ಬೇಡ. ಬೇಡ ಅಂದ್ರೆ ಬೇಡ." ಮದುವೆಯಾಗಿ ಮೂವತ್ತೆಂಟು ವರ್ಷ. ಗಂಡ ಎಲ್ಲಿ ಎಡವುತ್ತಾನೆಂದು ನಿನಗೆ ಅಳತೆ ಸಮೇತ ಗೊತ್ತಿತ್ತು.

ಮೊದಲ ಎರಡು ವಾರ ಪಟ್ಟಿ ತಪ್ಪಲಿಲ್ಲ. ಇದು ನಿಜ. ಇದಾದ ಮೇಲೆ ನಾನು ಫೋನಿನಲ್ಲಿ ಹೇಳಿದ್ದರಲ್ಲಿ ನಿಜ ಹುಡುಕಬೇಡ.

ಶ್ರಾವಣದ ಕಡೇ ಸೋಮವಾರ ನಮ್ಮ ಮನೆಯಲ್ಲಿ ಸ್ವಾಮೀಜಿಯವರ ಪಾದಪೂಜೆ ಆಯಿತಲ್ಲ. ನೀನಿಲ್ಲದೆ ಏನು ಚೆನ್ನ ಅಂದೆ, ಆದರೆ ಅವರು ಬರುವ ದಿನ ನಿಗದಿಯಾಗಿಬಿಟ್ಟಿತ್ತು. ಹಿಂದಿನ ದಿನ ಮನೆ ತೊಳೆಸಿದೆ, ಗೋಡೆಗೆ ಸುಣ್ಣ ಬಳಿಸಿದೆ. ಹಿತ್ತಲಿಗೆ ಬಂದು ನಿಂತರೆ, ಅಯ್ಯೋ ಶಿವನೇ, ತಗಡಿನ ಡಬ್ಬಿಯಲ್ಲಿ ಸೀಗಡಿ! ಪಕ್ಕದಲ್ಲಿ ಕಾಳಿನ ಡಬ್ಬಿ, ಅದರ ಮೈಮೇಲೆ ಮೀನಿನ ಚಿತ್ರ! ಪಾದಪೂಜೆಯ ಮನೆಯಲ್ಲಿ ಮೀನು! ಎರಡನ್ನೂ ಹಳೇ ಟವೆಲಿನಲ್ಲಿ ಗಂಟು ಕಟ್ಟಿ ತಿಪ್ಪೆಗೆ ಎಸೆದೆ. ಬೇಲಿಯಾಚೆಯ ಯತ್ತಪ್ಪನ ಕುರಿನಾಯಿ ಅವತ್ತು ಹಬ್ಬ ಮಾಡಿತು.

ಒಂದು ದಿನದ ಮಟ್ಟಿಗೆ ಅಂದುಕೊಂಡೆ. ಪೂಜೆ ಮುಗಿದ ಮಾರನೆಯ ದಿನ ಹೊಸದುರ್ಗದಿಂದ ಬೇರೆ ತರುವ ಯೋಚನೆ. ಆದರೆ ಪ್ರಸಾದವಾದ ಮೇಲೆ ಜನ ಹಿತ್ತಲಿಗೆ ಬಂದರು, ಸಿಮೆಂಟು ತೊಟ್ಟಿ ಸುತ್ತುವರಿದರು. ಯಾರೋ ಕೇಳಿದರು, "ಮೇಷ್ಟ್ರೇ, ಇವು ಹುಳಾ ಮೀನು ತಿಂತಾವಲ್ವಾ? ಶರಣರ ಮನ್ಯಾಗೆ ಹೆಂಗ್ ಇಟ್ಕಂಡ್ರಿ?"

ಮೂವತ್ತು ಜನ. ಮೂವತ್ತು ಮುಖವೂ ನನ್ನ ಕಡೆಗೆ. ಪಾರ್ವತಿ, ನಟನ ಎದುರಿಗೆ ಮೂವತ್ತು ಮುಖ ಇಡಬಾರದು. ಶಲ್ಯ ಹೆಗಲಿಗೇರಿಸಿ ಒಂದು ಹೆಜ್ಜೆ ಮುಂದಿಟ್ಟೆ. "ತಿನ್ನುತ್ತಿದ್ದವು! ಆದರೆ ಈ ಅಂಗಳಕ್ಕೆ ಬಂದ ಮೇಲೆ, ವಚನಗಳು ಕಿವಿಗೆ ಬಿದ್ದ ಮೇಲೆ, ತ್ಯಜಿಸಿದವು! ನೋಡಿ ಈ ಮೂಕಪ್ರಾಣಿಯ ವೈರಾಗ್ಯವನ್ನು!" ಅಂದು ಹಿಡಿ ಮಂಡಕ್ಕಿ ತೂರಿದೆ. ಗೌರಿ ಹಸಿದಿದ್ದಳು. ತೇಲಿ ಬಂದು ಗಬಗಬ ತಿಂದಳು. ಚಪ್ಪಾಳೆ! ಒಬ್ಬರು ವಿಭೂತಿ ತಂದುಕೊಟ್ಟರು, ಎರಡರ ಚಿಪ್ಪಿಗೂ ಮೂರೆಳೆ ಎಳೆದೆ.

ಹೊರಡುವಾಗ ಸ್ವಾಮೀಜಿ ತೊಟ್ಟಿಯ ಬಳಿ ನಿಂತು ನಕ್ಕರು. "ದೀಕ್ಷೆ ಕೊಟ್ರಿ, ಸರಿ. ಅವನ್ನ ಒಂದು ಮಾತು ಕೇಳಿದ್ರಾ ಮೇಷ್ಟ್ರೇ?" ಅಂದರು. ನಾನೂ ನಕ್ಕೆ. ಮೆಚ್ಚಿ ಹೇಳಿದರೆಂದು ಒಂದು ವಾರ ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆಮೇಲೆ ಸೀಗಡಿ ತರುವುದು ಹೇಗೆ? ಹೊಸದುರ್ಗದ ಅಂಗಡಿಯಲ್ಲಿ ನಮ್ಮೂರಿನವರು ಒಬ್ಬರಲ್ಲ ಒಬ್ಬರು ಸಿಗುತ್ತಾರೆ. ಸೋಮವಾರ ಸೋಮವಾರ ಜನ ಬರತೊಡಗಿದರು, ಮಕ್ಕಳನ್ನು ಎತ್ತಿಕೊಂಡು, ಬಾಗೂರಿನಿಂದಲೂ. ನಾನು ಹೊಸ ಹೊಸ ಮಾತು ಕಟ್ಟಿದೆ. ಮಂಡಕ್ಕಿ, ಮೊಸರನ್ನ, ಬಾಳೆಹಣ್ಣು, ಒಂದು ಸೋಮವಾರ ಪಾಯಸ. ಜನ ನಿಲ್ಲುವುದಕ್ಕೆ ನೆರಳಿರಲೆಂದು ತೊಟ್ಟಿಯ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿಸಿದೆ. ನೀನು ಬರೆದಿದ್ದ ಎಳೆಬಿಸಿಲೂ ಹೋಯಿತು.

ಯತ್ತಪ್ಪ ಒಬ್ಬನೇ ಎದುರು ಮಾತಾಡಿದವನು. ಬೇಲಿಯಾಚೆ ಕುರಿ ಬಿಟ್ಟುಕೊಂಡು ನಿಂತು, "ಏನಪ್ಪ ಮೇಷ್ಟ್ರೇ, ನಿಮ್ಮ ಮೆಚ್ಚಿಸಾಕೆ ಅದು ಹೊಟ್ಟೆ ಕಟ್ಟೈತಲ್ಲಾ! ನಮ್ಮ ಕುರೀಗೂ ಒಂದೀಟು ವಚನ ಹೇಳ್ರಿ, ಹುಲ್ಲು ಬಿಟ್ಟಾವು" ಅಂದ. ಕುರಿಗಾಹಿಗೆ ಏನು ಗೊತ್ತು ಅಂದೆ, ಅವನಿಗೆ ಕೇಳುವ ಹಾಗೆಯೇ.

ನೀನು ಪ್ರತಿ ಸಂಜೆ ಕೇಳುತ್ತಿದ್ದೆ, "ತಿಂದ್ವೇನ್ರೀ?" ಅಂತ. "ನಿನ್ನ ಪಟ್ಟಿ ಪ್ರಕಾರ ಕಣೇ, ಒಂದಕ್ಷರ ತಪ್ಪಿಲ್ಲ" ಅನ್ನುತ್ತಿದ್ದೆ. ಆ ಪಟ್ಟಿಯ ಎದುರಿಗೇ ನಿಂತು.

ದೀಪಾವಳಿಯ ಹೊತ್ತಿಗೆ ಗೌರಿಯ ಕಣ್ಣು ಊದಿಕೊಂಡವು, ರೆಪ್ಪೆ ಬಿಡಿಸಲಾಗದಷ್ಟು. ಧ್ಯಾನಸ್ಥಳಾಗಿದ್ದಾಳೆ ಎಂದು ಜನಕ್ಕೆ ಹೇಳಿದೆ. ಹೇಳಿದೆ ಪಾರ್ವತಿ, ಈ ಬಾಯಿಂದಲೇ ಹೇಳಿದೆ. ಎರಡು ದಿನ ಬಿಟ್ಟು ಎತ್ತಿದಾಗ ಚಿಪ್ಪಿನ ಅಂಚು ಬೆರಳೊತ್ತಿದರೆ ತಗ್ಗಾಯಿತು, ಅರೆಬೆಂದ ರೊಟ್ಟಿಯ ಹಾಗೆ. ಹನ್ನೊಂದು ವರ್ಷ ನೀನು ಸಾಕಿದ ಚಿಪ್ಪು.

ಬೆಳಗಿನ ಬಸ್ಸಿಗೆ ಬೋಗುಣಿ ಮಡಿಲಲ್ಲಿಟ್ಟುಕೊಂಡು ಹೊಸದುರ್ಗದ ಪಶು ಆಸ್ಪತ್ರೆಗೆ ಹೋದೆ. ಡಾಕ್ಟರ್ ಹೇಮಾವತಿ ಅಂತ, ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಕುಂತ್ಕಳ್ರಿ. ನಾನು ಎಮ್ಮೆ, ಕುರಿ ನೋಡೋಳು, ತಡೀರಿ" ಅಂದು ಆಮೆ ಬಲ್ಲ ಗೆಳತಿಯೊಬ್ಬಳಿಗೆ ಫೋನು ಹಚ್ಚಿ, ಅರ್ಧ ಗಂಟೆ ಮಾತಾಡಿ, ಸೂಜಿ ಚುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ, "ಏನ್ ಹಾಕ್ತಿದ್ರಿ?" ಅಂದಳು. ಮಂಡಕ್ಕಿ ಅಂದೆ. "ಎಷ್ಟು ದಿನ?" ಎರಡು ತಿಂಗಳು ಮೀರಿತು ಅಂದೆ. ಬೈಯಲಿಲ್ಲ. "ಮಂಡಕ್ಕೀಲಿ ಏನೈತ್ರಿ ಯಜಮಾನ್ರೇ? ಗಾಳಿ" ಅಂದಳು. ಹೊಟ್ಟೆ ತುಂಬಿದೆ ಅಂತ ಕಾಣುತ್ತದಂತೆ, ಒಳಗೆ ಮೂಳೆಗೆ ಸುಣ್ಣವಿಲ್ಲ, ಕಣ್ಣಿಗೆ ಸತ್ವವಿಲ್ಲ. ಬಿಸಿಲಿಲ್ಲದೆ ತಿಂದ ಸುಣ್ಣವೂ ಮೈಗೆ ಹತ್ತುವುದಿಲ್ಲವಂತೆ. ಮುಳ್ಳು ಸಮೇತ ಸಣ್ಣ ಮೀನು, ಎರೆಹುಳ, ಕಾಳು, ಗಜ್ಜರಿ, ಸೊಪ್ಪು ಎಂದು ಚೀಟಿ ಬರೆದುಕೊಟ್ಟಳು. ಓದಿದೆ. ನಿನ್ನ ಪಟ್ಟಿಯೇ. ನಿನ್ನ ಅಕ್ಷರ ಇನ್ನೂ ದುಂಡಗಿತ್ತು ಅಷ್ಟೆ.

ಬಂದವನೇ ಚಪ್ಪರ ಕಿತ್ತೆ. ಎರೆಹುಳ ಎಲ್ಲಿ ಸಿಗುತ್ತದೆಂದು ಯತ್ತಪ್ಪನನ್ನೇ ಕೇಳಬೇಕಾಯಿತು. ಆಡಿಕೊಂಡಾನು ಅಂದುಕೊಂಡಿದ್ದೆ. "ಬರ್ರಿ ಹೋಗಾಣ, ಗೊಬ್ಬರದ ಗುಂಡಿ ಬುಡದಾಗೆ ಭಾಳ ಅವೆ" ಅಂದು ಗುದ್ದಲಿ ಹೆಗಲಿಗಿಟ್ಟ. ಆಡಿಕೊಂಡಿದ್ದರೆ ಹಗುರಾಗುತ್ತಿತ್ತು.

ಲಿಂಗ ಹಿಡಿಯುವ ಅಂಗೈಯ ಮೇಲೆ ಎರೆಹುಳ ಇಟ್ಟುಕೊಂಡೆ. ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ನೀನು ಒಮ್ಮೆ ಸೀಗಡಿಯ ಚಿಮ್ಮಟ ಹಿಡಿದುಕೊಂಡು ಅಂದಿದ್ದೆ, "ನಾವು ತಿನ್ನಲ್ಲ ಅಂತ ಅದೂ ತಿನ್ಬಾರ್ದೇನ್ರೀ? ಅದೇನು ಲಿಂಗ ಕಟ್ಕಂಡೈತಾ?" ಆವತ್ತು ನಿನ್ನ ಮಾತಿಗೆ ಕೈ ಬೀಸಿ ಹೋಗಿದ್ದೆ. ಕಣ್ಣು ಕಾಣದ ಗೌರಿಯ ಮೂಗಿನ ಮುಂದೆ ನೀರಿನಲ್ಲಿ ಹುಳ ಆಡಿಸುತ್ತ ಮೂರು ದಿನ ಕೂತೆ. ನಾಲ್ಕನೇ ದಿನ ಬಾಯಿ ತೆರೆದಳು, ಹುಳದ ಜೊತೆ ನನ್ನ ಬೆರಳನ್ನೂ ಕಚ್ಚಿದಳು. ನಾನು ಕೂಗಲಿಲ್ಲ. ಜೀವನದಲ್ಲಿ ಮೊದಲ ಸಲ ಸದ್ದಿಲ್ಲದೆ ಕೂತಿದ್ದೆ.

ಮೊನ್ನೆ ಸೋಮವಾರ ಜನ ಬಂದರು. ಬಾಗಿಲಲ್ಲೇ ನಿಂತು ಹೇಳಿದೆ: ಆಮೆ ಏನನ್ನೂ ತ್ಯಜಿಸಿರಲಿಲ್ಲ, ನಾನು ಕಸಿದುಕೊಂಡಿದ್ದೆ, ಚಪ್ಪಾಳೆಗಾಗಿ. ದನಿ ಎಷ್ಟು ಸಣ್ಣದಾಯಿತೆಂದರೆ ಹಿಂದಿದ್ದವರೊಬ್ಬರು, "ಜೋರಾಗಿ ಹೇಳ್ರಿ ಮೇಷ್ಟ್ರೇ, ಕೇಳ್ತಿಲ್ಲ" ಅಂದರು. ಇನ್ನೊಂದು ಸಲ ಹೇಳಿದೆ. ಅದಕ್ಕಿಂತ ಉದ್ದದ ಮಾತನ್ನು ನಾನು ಯಾವ ರಂಗದ ಮೇಲೂ ಆಡಿಲ್ಲ.

ಈಗ ಗೌರಿಯ ಎಡಗಣ್ಣು ಅರ್ಧ ಬಿಚ್ಚಿದೆ. ಚಿಪ್ಪು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು ಎಂದಿದ್ದಾಳೆ ಡಾಕ್ಟರು. ಪಟ್ಟಿ ಗೋಡೆಯ ಮೇಲಿದೆ, ದಿನಾ ಓದುತ್ತೇನೆ. ನೀನು ಬಂದು ಏನಂದರೂ ತಲೆ ತಗ್ಗಿಸಿ ಕೇಳುತ್ತೇನೆ. ಏನೂ ಅನ್ನದೆ ಸುಮ್ಮನೆ ಒಳಗೆ ಹೋಗಿಬಿಡುತ್ತೀಯೇನೋ, ಆ ಭಯ ಇದೆ.

ಇಂತಿ,
ತಲೆ ಎತ್ತಲಾರದ ನಿನ್ನ
ಮರುಳಸಿದ್ದಪ್ಪ

ಮತ್ತೆ ಬರೆದದ್ದು: ಲಕೋಟೆ ಅಂಟಿಸಿ, ಹರಿದು ಬರೆಯುತ್ತಿದ್ದೇನೆ. ಇಷ್ಟುದ್ದ ಬರೆದರೂ ನಿನ್ನ ಪಟ್ಟಿಯ ಮಾತು ಮುಗಿದ ಮೇಲೆ ಪುಟ್ಟಿಯ ಹೆಸರನ್ನು ಒಂದು ಸಲವೂ ಬರೆದಿಲ್ಲ. ನೀನು ಗಮನಿಸಿರುತ್ತೀಯ. ಆವತ್ತು ಬಸ್ಸಿನಲ್ಲಿ ಬೋಗುಣಿಯೊಳಗೆ ಗೌರಿ ಒಬ್ಬಳೇ ಇದ್ದಳು. ಎಳೆಯದು, ತಡೆಯಲಿಲ್ಲ, ಆ ಬೆಳಿಗ್ಗೆ ತೊಟ್ಟಿಯ ತಳದಲ್ಲಿತ್ತು. ಹಿತ್ತಲಿನಲ್ಲೇ ಮಣ್ಣು ಮಾಡಿದೆ. ಭಾನುವಾರ ನೀನು ವಿಡಿಯೋ ಕಾಲ್ ಮಾಡಿ ಇಬ್ಬರನ್ನೂ ತೋರಿಸಿ ಅಂದೆಯಲ್ಲ, ಆಗ ಗೌರಿಯ ಬೆನ್ನು ತೋರಿಸಿದೆ, ಫೋನನ್ನು ಆಕಾಶಕ್ಕೆ ತಿರುಗಿಸಿ, ತೊಟ್ಟಿಯ ಆ ಬದಿಗೆ ಹೋಗಿ, ಮತ್ತೆ ಗೌರಿಯ ಬೆನ್ನನ್ನೇ ಹತ್ತಿರದಿಂದ ತೋರಿಸಿದೆ. "ಅಯ್ಯ, ಪುಟ್ಟಿ ಎಷ್ಟು ದೊಡ್ಡೋಳಾಗ್ಯಾಳ್ರೀ!" ಅಂದೆ ನೀನು. ನಾನು "ಹೂಂ" ಅಂದೆ.